ಬ್ಯಾಡಗಿ ಪೇಟೆಯ ಗೋಡೆಗೆ ಬರೆಯಬೇಕಾದ ಕಲ್ಲು

ಕುಪ್ಪೇಲೂರು ಹೋಬಳಿಯ ಒಕ್ಕಲುತನದವರಿಗೆ ಸುಗ್ಗಿ ಮುಗಿದ ಮೇಲೆ ದಾರಿ ಮೂರು. ಹತ್ತಿ, ಗೋವಿನಜೋಳ, ಬೀಜದ ವ್ಯವಹಾರವಿದ್ದರೆ ರಾಣೆಬೆನ್ನೂರು. ಎತ್ತು ಕೊಳ್ಳುವುದು, ಮಾರುವುದು ಇದ್ದರೆ ಹಾವೇರಿ. ಮೆಣಸಿನಕಾಯಿ ಇದ್ದರೆ ಕಣ್ಣು ಮುಚ್ಚಿಕೊಂಡು ಬ್ಯಾಡಗಿ. ಮೂರೂ ಊರು ಹತ್ತಿರ ಹತ್ತಿರವೇ ಇದ್ದರೂ ಒಂದರ ಸ್ವಭಾವ ಇನ್ನೊಂದಕ್ಕಿಲ್ಲ. ಯಾಲಕ್ಕಿ ಬೆಳೆಯದ ಹಾವೇರಿ ಯಾಲಕ್ಕಿ ಹಾರಕ್ಕೆ ಹೆಸರಾಗಿದೆ. ಮಲೆನಾಡಿನಿಂದ ಬಂದ ಕಾಯಿಯನ್ನು ಅಲ್ಲಿಯ ಬಾವಿಯ ನೀರಿನಲ್ಲಿ ತೊಳೆದು ಹದ ಮಾಡಿ ಮಾರುವ ಕಸುಬು ಆ ಊರಿನದಾಗಿತ್ತು. ರಾಣೆಬೆನ್ನೂರು ಇಂದು ತರಕಾರಿ ಬೀಜೋತ್ಪಾದನೆಯ ದೊಡ್ಡ ಕೇಂದ್ರ. ಬ್ಯಾಡಗಿಯೋ, ಒಂದೇ ಒಂದು ಮಾಲಿನ ಮೇಲೆ ದೇಶಕ್ಕೆಲ್ಲ ಗೊತ್ತಾದ ಪೇಟೆ. ಸ್ಮರಣ ಸಂಚಿಕೆಯ ಈ ಪುಟಗಳಲ್ಲಿ ಆ ಪೇಟೆ ನಡೆದುಬಂದ ದಾರಿಯನ್ನು ಹೇಳಬೇಕೆಂದಿದ್ದೇನೆ. ಅದರ ಜೊತೆಗೇ, ಅದರ ಗೋಡೆಯ ಮೇಲೆ ಎಂಥ ಸ್ಮರಣ ಫಲಕ ಇರಬೇಕು ಎಂಬುದನ್ನೂ.

ನಮ್ಮ ಕಡೆಯ ಯಾವ ಮಾರುಕಟ್ಟೆ ಪ್ರಾಂಗಣಕ್ಕೆ ಹೋದರೂ ಗೋಡೆಗಳಲ್ಲಿ ಫಲಕಗಳಿಗೆ ಬರವಿಲ್ಲ. ಹರಾಜು ಕಟ್ಟೆಗೊಂದು, ಗೋದಾಮಿಗೊಂದು, ರೈತಭವನಕ್ಕೊಂದು, ಕುಡಿಯುವ ನೀರಿನ ತೊಟ್ಟಿಗೊಂದು. ಕಪ್ಪು ಗ್ರಾನೈಟು, ಬಂಗಾರದ ಬಣ್ಣ ತುಂಬಿದ ಅಕ್ಷರ. ಮೇಲೆ ಶಂಕುಸ್ಥಾಪನೆ ಅಥವಾ ಉದ್ಘಾಟನೆ ಎಂಬ ತಲೆಬರಹ, ಅದರ ಕೆಳಗೆ ಅಮೃತ ಹಸ್ತದವರು, ಅಧ್ಯಕ್ಷತೆಯವರು, ಘನ ಉಪಸ್ಥಿತಿಯವರು, ಮುಖ್ಯ ಅತಿಥಿಗಳು, ಕೊನೆಗೆ ಕಾಮಗಾರಿಯ ಅಂದಾಜು ಮೊತ್ತ ಮತ್ತು ದಿನಾಂಕ. ಆ ದಿನ ಅಲ್ಲಿ ಯಾರು ಬಂದಿದ್ದರು ಎಂಬುದಕ್ಕೆ ಇದು ದಾಖಲೆ, ಅದಕ್ಕೊಂದು ಬೆಲೆಯೂ ಇದೆ. ಆದರೆ ಅಲ್ಲಿ ದಿನಾ ಬರುವವರು ಯಾರು, ಅವರ ಮಾಲು ಹೇಗೆ ಅಳೆಯಲ್ಪಡಬೇಕು, ಅವರಿಗೆ ಏನು ಹಕ್ಕಿದೆ ಎಂಬ ಒಂದು ಸಾಲೂ ಆ ಕಲ್ಲುಗಳಲ್ಲಿ ಇರುವುದಿಲ್ಲ. ಮಾರುಕಟ್ಟೆಯೆಂದರೆ ಕಟ್ಟಡಕ್ಕಿಂತ ಮೊದಲು ಒಂದು ಕರಾರು. ಆ ಕರಾರು ಕಲ್ಲಿನಲ್ಲಿರಬೇಕು ಎಂಬುದು ನನ್ನ ವಾದ, ಮತ್ತು ಇದು ಈ ನೆಲಕ್ಕೆ ಹೊಸ ಮಾತಲ್ಲ.

ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರಕ್ಕೆ ಹೋದವರು ತುಂಗಭದ್ರೆಯ ದಂಡೆಯ ಮುಕ್ತೇಶ್ವರ ದೇವಾಲಯದಲ್ಲಿ ಆಳೆತ್ತರದ ಶಾಸನಗಳನ್ನು ನೋಡಿರುತ್ತಾರೆ. ಗುತ್ತಲದ ಗುತ್ತರ ಕಾಲದವು, 12 ಮತ್ತು 13ನೆಯ ಶತಮಾನದವು. ಹಾನಗಲ್ಲು, ಬಂಕಾಪುರ, ಲಕ್ಷ್ಮೇಶ್ವರ, ಇತ್ತ ಶಿಕಾರಿಪುರದ ಬಳ್ಳಿಗಾವೆ, ಎಲ್ಲಿ ನೋಡಿದರೂ ಇಂಥ ಕಲ್ಲುಗಳೇ. ದೇವರಿಗೆ ಬಿಟ್ಟ ದತ್ತಿಯ ಕಲ್ಲುಗಳೆಂದು ನಾವು ಅವನ್ನು ಕೈಮುಗಿದು ದಾಟಿಬಿಡುತ್ತೇವೆ. ನಿಂತು ಓದಿದರೆ ಅವುಗಳಲ್ಲಿ ಎಷ್ಟೋ ಕಲ್ಲುಗಳು ಪೇಟೆಯ ಲೆಕ್ಕದ ಕಲ್ಲುಗಳು. ಒಂದು ಹೇರು ಅಡಕೆಗೆ ಎಷ್ಟು, ಒಂದು ಹೊರೆ ಎಲೆಗೆ ಎಷ್ಟು, ಗಾಣವೊಂದಕ್ಕೆ ಎಷ್ಟು ಸೊಲ್ಲಿಗೆ ಎಣ್ಣೆ, ಮೆಣಸಿನ ಹೇರಿಗೆ ಎಷ್ಟು ಎಂದು ವಿವರವಾಗಿ ಬರೆದಿರುತ್ತಾರೆ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಸುಂಕಗಳ ಹೆಸರು ಬರುತ್ತವೆ. ಹಾಗ, ವೀಸ, ಪಣ, ಗದ್ಯಾಣ ಎಂದು ನಾಣ್ಯಗಳ ಲೆಕ್ಕ ಬರುತ್ತದೆ. ಒಪ್ಪಿದವರು ಯಾರು ಎಂಬುದೂ ಇರುತ್ತದೆ: ಅಯ್ಯಾವೊಳೆಯ ಐನೂರ್ವರು, ಉಭಯ ನಾನಾದೇಶಿಗಳು, ನಗರದವರು, ತೆಲ್ಲಿಗರು, ಎಲೆಯ ವ್ಯಾಪಾರದವರು.

ಈ ಕಲ್ಲುಗಳ ರಚನೆಯನ್ನು ಗಮನಿಸಬೇಕು. ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಆಕಳು ಮತ್ತು ಕರು. ಮೊದಲ ಭಾಗದಲ್ಲಿ ಅರಸನ ಪ್ರಶಸ್ತಿ, ಆಳುವವರ ಹೆಸರುಗಳು. ಇಂದಿನ ಫಲಕದ ಅಮೃತ ಹಸ್ತದ ಸಾಲಿಗೆ ಸಮನಾದದ್ದು. ಅಷ್ಟಕ್ಕೆ ನಿಲ್ಲದೆ ಕಲ್ಲು ಮುಂದುವರಿಯುತ್ತದೆ. ಕಾಲ, ತಿಥಿ, ವಾರ ಬರುತ್ತವೆ. ಕೊಟ್ಟವರು ಯಾರು, ಪಡೆದವರು ಯಾರು, ಎಷ್ಟು, ಯಾವ ಅಳತೆಯಲ್ಲಿ ಎಂಬುದು ಬರುತ್ತದೆ. ಕೊನೆಗೆ ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ, ಕುರುಕ್ಷೇತ್ರದಲ್ಲಿ ಗೋವನ್ನು ಕೊಂದ ಪಾಪ ತಟ್ಟುತ್ತದೆಂಬ ಶಾಪ. ದಂಡ ವಿಧಿಸುವ ಕಚೇರಿ ದೂರವಿದ್ದ ಕಾಲದಲ್ಲಿ ಜನ ನಂಬಿದ್ದನ್ನೇ ಜಾಮೀನಾಗಿ ಇಟ್ಟಿದ್ದಾರೆ. ಅರಸರ ವಂಶ ಮುಗಿಯಿತು, ಆ ನಾಣ್ಯ ಹೋಯಿತು, ಅಳತೆ ಹೋಯಿತು. ಕರಾರು ಇಂದಿಗೂ ಓದಲು ಸಿಗುತ್ತದೆ. ಆ ಸಾಲುಗಳಲ್ಲಿ ಬರುವ ಮೆಣಸು ಬಳ್ಳಿಯ ಕಾಳುಮೆಣಸು. ಬ್ಯಾಡಗಿಯ ಕೆಂಪುಕಾಯಿ ಆಗ ಈ ದೇಶದಲ್ಲೇ ಇರಲಿಲ್ಲ. ಅಮೆರಿಕ ಖಂಡದ ಆ ಗಿಡ ಪೋರ್ಚುಗೀಸರ ಕಾಲದಲ್ಲಿ, 16ನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದು, ಘಟ್ಟ ಹತ್ತಿ, ನಮ್ಮ ಎರೆ ಮತ್ತು ಮಸಾರಿ ಹೊಲಗಳಿಗೆ ಒಗ್ಗಿಕೊಂಡಿತು. ಇಷ್ಟು ತಡವಾಗಿ ಬಂದ ಬೆಳೆ ಒಂದು ಊರಿನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡದ್ದು ಈ ನೆಲದ ರೈತರ ಆಯ್ಕೆಯ ಫಲ. ಬಣ್ಣ ಹೆಚ್ಚು, ಖಾರ ಕಡಿಮೆ, ಸಿಪ್ಪೆಯ ಮೇಲೆ ಸುಕ್ಕು; ಇಂಥ ಕಾಯಿಯ ಬೀಜವನ್ನೇ ತಲೆಮಾರುಗಟ್ಟಲೆ ಆರಿಸಿ ಇಟ್ಟುಕೊಂಡು ಬಂದವರು ಅವರು.

ಈಗಿನ ರೂಪದ ಪೇಟೆ ಹುಟ್ಟಿದ್ದು ಮೆಣಸಿನಕಾಯಿಯಿಂದಲ್ಲ, ಹತ್ತಿಯ ಒತ್ತಡದಿಂದ. ಧಾರವಾಡ ಜಿಲ್ಲೆಯಲ್ಲಿ 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ಬೀಜ ತಂದು ಬೆಳೆಸಿದರು; ಧಾರವಾಡ ಅಮೆರಿಕನ್ ಎಂಬ ಹೆಸರಿನಲ್ಲಿ ಅದು ಮುಂಬಯಿ, ಮ್ಯಾಂಚೆಸ್ಟರ್‌ಗಳಿಗೆ ಗೊತ್ತಾಯಿತು. 1861ರಿಂದ 65ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿಯ ಹತ್ತಿ ನಿಂತು ಇಲ್ಲಿಯ ದರ ಏರಿದಾಗ ಹಣದ ಜೊತೆಗೆ ಮೋಸವೂ ಏರಿತು. ಹತ್ತಿಯಲ್ಲಿ ಬೀಜ, ಮಣ್ಣು, ನೀರು ಬೆರೆಸುವುದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಒಂದು ಕಾನೂನು ತಂದಿತು. ಅದು ಕೊಳ್ಳುವವರನ್ನು ಕಾಪಾಡಲು ಬಂದ ಕಾನೂನು. ಮಾರುವ ರೈತನನ್ನು ಕಾಪಾಡುವ ಕಾನೂನಿಗೆ ಇನ್ನೂ ಆರು ದಶಕ ಮೀರಿ ಕಾಯಬೇಕಾಯಿತು.

ನಡುವೆ 1876ರಿಂದ 78ರವರೆಗಿನ ಬರಗಾಲ ಬಂದು ಈ ಸೀಮೆಯನ್ನು ತಿಂದುಹಾಕಿತು. ಕಾಳು ಒಂದು ಕಡೆ ಇದ್ದು ಇನ್ನೊಂದು ಕಡೆ ಜನ ಸಾಯುವ ಸ್ಥಿತಿ ಮತ್ತೆ ಬರಬಾರದೆಂದು ರೈಲು ಹಾಕುವ ಮಾತಿಗೆ ಜೀವ ಬಂತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, ಆ ದಶಕದಲ್ಲಿಯೇ ಹುಬ್ಬಳ್ಳಿ–ಹರಿಹರದ ಮಾರ್ಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಒಂದೇ ಹಳಿಯ ಮೇಲೆ ಪೋಣಿಸಿತು. ಎತ್ತಿನ ಗಾಡಿಯಲ್ಲಿ ಬಂದ ಚೀಲ ಸ್ಟೇಷನ್ನಿನ ಪಕ್ಕದ ಅಂಗಡಿಯಲ್ಲಿ ಇಳಿದರೆ ಮುಂದೆ ಅದು ಯಾವ ರಾಜ್ಯಕ್ಕಾದರೂ ಹೋಗಬಹುದು ಎಂದಾಯಿತು. ಬ್ಯಾಡಗಿಯ ಅಡತಿ ಅಂಗಡಿಗಳು ಬೆಳೆದದ್ದಕ್ಕೆ ಈ ಹಳಿಯೇ ಬುನಾದಿ.

ಆ ಹಳೆಯ ಅಡತಿ ವ್ಯವಹಾರ ಹೇಗಿತ್ತೆಂದು ಹೇಳದೆ ಮುಂದಿನ ಕಾನೂನಿನ ಬೆಲೆ ತಿಳಿಯುವುದಿಲ್ಲ. ರೈತ ಮಾಲು ತಂದು ದಲಾಲರ ಅಂಗಡಿಯ ಮುಂದೆ ಇಳಿಸುತ್ತಾನೆ. ಖರೀದಿದಾರ ಬರುತ್ತಾನೆ. ದಲಾಲ ಮತ್ತು ಖರೀದಿದಾರ ಇಬ್ಬರೂ ಕೈ ಕೊಡುತ್ತಾರೆ, ಆ ಕೈಗಳ ಮೇಲೆ ಒಂದು ಟವೆಲ್ಲೋ ಧೋತರದ ಸೆರಗೋ ಬೀಳುತ್ತದೆ. ಬಟ್ಟೆಯ ಅಡಿಯಲ್ಲಿ ಬೆರಳು ಬೆರಳನ್ನು ಹಿಡಿಯುತ್ತದೆ. ಯಾವ ಬೆರಳು, ಎಷ್ಟು ಬೆರಳು, ಯಾವ ಗೆಣ್ಣು ಎಂಬುದರಲ್ಲಿಯೇ ದರ. ಬಾಯಿಂದ ಒಂದು ಮಾತಿಲ್ಲ. ಪಕ್ಕದಲ್ಲಿ ಆರು ತಿಂಗಳು ಹೊಲದಲ್ಲಿ ದುಡಿದವನು ನಿಂತು ಆ ಬಟ್ಟೆಯನ್ನು ನೋಡುತ್ತಾನೆ. ಬಟ್ಟೆ ತೆಗೆದ ಮೇಲೆ ಅವನಿಗೆ ಒಂದು ದರ ಹೇಳಲಾಗುತ್ತದೆ. ಒಳಗೆ ಆದ ದರವೂ ಅದೇ ಎಂದು ಅವನು ನಂಬಬೇಕು. ದನದ ಜಾತ್ರೆಗಳಲ್ಲಿ ಈ ಪದ್ಧತಿಯನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೇವೆ. ಅಲ್ಲಿ ಕನಿಷ್ಠ ಎತ್ತಿನ ಒಡೆಯನ ಕೈಯೂ ಬಟ್ಟೆಯೊಳಗೆ ಇರುತ್ತದೆ. ಮಾಲಿನ ಪೇಟೆಯಲ್ಲಿ ಅದೂ ಇರಲಿಲ್ಲ.

ದರದ ಮೇಲೆ ಕಡಿತಗಳು. ದಲಾಲಿ, ಹಮಾಲಿ, ತೂಕದ ಕೂಲಿ, ಚೀಲದ ಸೂಟು, ಮಾದರಿ ಎಂದು ಬೊಗಸೆಗಟ್ಟಲೆ ಎತ್ತಿಕೊಂಡ ಮಾಲು, ಧರ್ಮಾದಾಯ ಎಂಬ ಹೆಸರಿನಲ್ಲಿ ಇನ್ನಷ್ಟು. ಒಂದೊಂದೂ ಸಣ್ಣದು, ಕೂಡಿಸಿದರೆ ಸಣ್ಣದಲ್ಲ. ತಕ್ಕಡಿಯ ಕಲ್ಲುಗಳ ತೂಕವೂ ಊರಿಗೊಂದು. ಸಾಲ ಕೊಟ್ಟ ದಲಾಲರಿಗೇ ಮಾಲು ಹಾಕಬೇಕೆಂಬ ಕಟ್ಟು ಬೇರೆ. ಎಲ್ಲ ದಲಾಲರೂ ಮೋಸಗಾರರಾಗಿದ್ದರೆಂದು ನಾನು ಹೇಳುತ್ತಿಲ್ಲ. ಮಗಳ ಮದುವೆಗೆ, ಆಸ್ಪತ್ರೆಗೆ, ಬಿತ್ತನೆಗೆ ರಾತ್ರೋರಾತ್ರಿ ಹಣ ಕೊಟ್ಟ ದಲಾಲರನ್ನು ನೆನೆಯುವ ಮನೆಗಳು ಈ ಹೋಬಳಿಯಲ್ಲಿ ಬೇಕಾದಷ್ಟಿವೆ. ಆದರೆ ಒಳ್ಳೆಯ ಮನುಷ್ಯ ಸಿಕ್ಕರೆ ಮಾತ್ರ ನ್ಯಾಯ ಸಿಗುವ ವ್ಯವಸ್ಥೆಯನ್ನು ವ್ಯವಸ್ಥೆ ಎನ್ನಲಾಗದು.

ಇದಕ್ಕೆ ಮೊದಲ ಉತ್ತರ ಬಂದದ್ದು ರೈತರ ಕಡೆಯಿಂದಲೇ ಎಂಬುದನ್ನು ಸಂಚಿಕೆಯ ಓದುಗರಿಗೆ ನೆನಪಿಸಬೇಕು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. 1917ರಲ್ಲಿ ಗದಗದಲ್ಲಿ ಹತ್ತಿ ಬೆಳೆಗಾರರು ಕೂಡಿ ಮಾರುವ ಸಹಕಾರಿ ಸಂಘ ಎದ್ದಿತು. ಒಬ್ಬನ ಎರಡು ಚೀಲಕ್ಕೆ ಬೆಲೆ ಕೇಳುವ ಶಕ್ತಿಯಿಲ್ಲ, ಇನ್ನೂರು ಜನರ ಮಾಲು ಒಂದು ಕಡೆ ಬಿದ್ದರೆ ಖರೀದಿದಾರ ತಾನೇ ಬರುತ್ತಾನೆ ಎಂಬ ಸರಳ ಲೆಕ್ಕ ಅದರದು.

ಸರ್ಕಾರದ ಕಡೆಯಿಂದ ಬಂದ ಉತ್ತರ ನಿಯಂತ್ರಿತ ಮಾರುಕಟ್ಟೆ. ದೇಶದಲ್ಲಿ ಅದರ ಮೊದಲ ಹೆಜ್ಜೆ 1886ರಲ್ಲಿ ಬೇರಾರಿನ ಕಾರಂಜಾದಲ್ಲಿ. 1897ರಲ್ಲಿ ಬೇರಾರಿಗೇ ಹತ್ತಿ ಮತ್ತು ಧಾನ್ಯ ಮಾರುಕಟ್ಟೆಗಳ ಕಾನೂನು ಬಂತು. ಮುಂಬಯಿ ಪ್ರಾಂತ 1927ರಲ್ಲಿ ಹತ್ತಿಗೆ ಮಾತ್ರ ಕಾನೂನು ಮಾಡಿತು. ಲಾರ್ಡ್ ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗ 1928ರ ವರದಿಯಲ್ಲಿ ಈ ಕಡಿತ, ಈ ಬಟ್ಟೆಯೊಳಗಿನ ವ್ಯಾಪಾರಗಳನ್ನೆಲ್ಲ ಬಿಡಿಸಿ ಹೇಳಿ ಎಲ್ಲ ಬೆಳೆಗಳಿಗೂ ನಿಯಂತ್ರಿತ ಮಾರುಕಟ್ಟೆ ಬೇಕೆಂದಿತು. ಮುಂಬಯಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾನೂನು ಬಂದದ್ದು 1939ರಲ್ಲಿ. ನಮ್ಮ ಜಿಲ್ಲೆಯ ಪೇಟೆಗಳು ಕಾನೂನಿನ ಕೈಗೆ ಬಂದದ್ದು ಈ ಹಾದಿಯಿಂದ.

ಏಕೀಕರಣದ ನಂತರ ಒಂದು ತೊಡಕಾಯಿತು. ಮುಂಬಯಿ ಭಾಗಕ್ಕೆ ಒಂದು ಕಾನೂನು, ಹಳೆ ಮೈಸೂರಿಗೆ ಇನ್ನೊಂದು, ಹೈದರಾಬಾದಿಗೆ, ಮದ್ರಾಸಿಗೆ, ಕೊಡಗಿಗೆ ಬೇರೆ ಬೇರೆ. ತುಂಗಭದ್ರೆಯ ಆಚೆ ದಂಡೆಯ ರೈತ ಈಚೆ ದಂಡೆಯ ಪೇಟೆಗೆ ಬಂದರೆ ಅವನಿಗೆ ನಿಯಮ ಹೊಸದು. ಇವೆಲ್ಲವನ್ನೂ ಕೂಡಿಸಿ 1966ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಾನೂನು ಮಾಡಿದರು. 1968ರಲ್ಲಿ ಜಾರಿಗೆ ಬಂತು. ನಾವು ಇಂದು ಬಾಯಿತುಂಬ ಎಪಿಎಂಸಿ ಎನ್ನುವುದು ಆ ಕಾನೂನಿನ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯನ್ನೇ. ರೈತರಿಂದ ಆಯ್ಕೆಯಾದವರೇ ಹೆಚ್ಚಿರುವ ಸಮಿತಿ, ಲೈಸನ್ಸು ಪಡೆದ ದಲಾಲರು ಮತ್ತು ಖರೀದಿದಾರರು, ಬಹಿರಂಗ ದರ, ಪ್ರಮಾಣಿತ ತೂಕ, ಲಿಖಿತ ಪಟ್ಟಿ. ದಲಾಲಿಯನ್ನು ಕೊಳ್ಳುವವನ ಲೆಕ್ಕಕ್ಕೆ ಹಾಕಬೇಕು, ರೈತನ ಪಟ್ಟಿಯಲ್ಲಿ ಮುರಿಯಬಾರದು ಎಂಬ ನಿಯಮ ಇದರ ಜೀವಾಳ. ಈ ಹೊತ್ತಿಗೆ ಮಣ, ಸೇರು, ಛಟಾಕುಗಳು ಹೋಗಿ 1956ರ ಕಾನೂನಿನ ಕ್ವಿಂಟಲ್ ಮತ್ತು ಕಿಲೋಗಳು ಪೇಟೆಗೆ ಬಂದಾಗಿತ್ತು. ಅಳತೆ ಒಂದಾದದ್ದು ಸಣ್ಣ ಸಂಗತಿಯಲ್ಲ. ತಕ್ಕಡಿಯ ಮೇಲೆ ಏನು ಬರೆದಿದೆ ಎಂದು ನಾಲ್ಕನೆಯ ಇಯತ್ತೆ ಓದಿದ ಮಗನೂ ಅಪ್ಪನಿಗೆ ಹೇಳಬಹುದಾಯಿತು.

ಬ್ಯಾಡಗಿ ಈ ನಿಯಮಗಳ ಮೇಲೆ ತನ್ನದೇ ಒಂದು ರೂಢಿ ಕಟ್ಟಿಕೊಂಡಿತು. ಸೋಮವಾರ, ಗುರುವಾರ ಪೇಟೆಯ ದಿನ. ಹಿಂದಿನ ಸಂಜೆಯಿಂದಲೇ ಟ್ರ್ಯಾಕ್ಟರು, ಲಾರಿಗಳು ಸಾಲುಗಟ್ಟುತ್ತವೆ. ಬಳ್ಳಾರಿ, ರಾಯಚೂರು, ಕೊಪ್ಪಳದವರು, ಆಂಧ್ರದ ಕರ್ನೂಲು ಕಡೆಯವರು. ಚೀಲಗಳನ್ನು ಅಂಗಡಿಯ ಮುಂದೆ ಲಾಟುಗಳಾಗಿ ಒಟ್ಟಿ ಬಾಯಿ ಬಿಚ್ಚಿಡುತ್ತಾರೆ. ಬೆಳಿಗ್ಗೆ ಖರೀದಿದಾರರು ಲಾಟಿನಿಂದ ಲಾಟಿಗೆ ನಡೆಯುತ್ತಾರೆ. ನುರಿತವನು ಒಂದು ಹಿಡಿ ಕಾಯಿಯನ್ನು ಮೇಲಿನಿಂದ ತೆಗೆಯುವುದಿಲ್ಲ, ಚೀಲದ ಒಡಲಿಗೆ ಕೈ ಹಾಕಿ ತೆಗೆಯುತ್ತಾನೆ. ಒಂದು ಕಾಯಿ ಮುರಿದು ಸಪ್ಪಳ ಕೇಳುತ್ತಾನೆ: ಒಣಗಿದ್ದರೆ ಚಟ್ ಎನ್ನುತ್ತದೆ, ಹಸಿ ಇದ್ದರೆ ಬಾಗುತ್ತದೆ. ಬೆರಳಿಗೆ ಹತ್ತಿದ ಬಣ್ಣ ನೋಡುತ್ತಾನೆ. ಬಿಳಿಚಿದ ಕಾಯಿ ಎಷ್ಟಿದೆ, ಬೀಜ ಎಷ್ಟು ಉದುರಿದೆ, ಬೂಷ್ಟು ಇದೆಯೇ ಎಂದು ನೋಡುತ್ತಾನೆ. ಗಿಡ್ಡ, ದುಂಡನೆಯ, ಬೀಜ ತುಂಬಿದ ಡಬ್ಬಿಯೋ, ಉದ್ದ ಸಣಕಲು ಮೈಯ ಕಡ್ಡಿಯೋ ಎಂಬುದು ಅವನಿಗೆ ದೂರದಿಂದಲೇ ಗೊತ್ತು. ಇಷ್ಟೆಲ್ಲ ಅಳೆದು ದರ ಬರೆಯುತ್ತಾನೆ. ಮೊದಲು ಮುಚ್ಚಿದ ಚೀಟಿಯಲ್ಲಿ ಬರೆದು ಹಾಕುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ. 2014ರಲ್ಲಿ ರಾಜ್ಯ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ತಂದಾಗ ದೇಶದ ಉಳಿದ ಭಾಗಗಳಿಗೆ ಅದು ಮಾದರಿಯಾಯಿತು. ಕೇಂದ್ರದ ಇ-ನಾಮ್ ಬಂದದ್ದು ಎರಡು ವರ್ಷದ ನಂತರ, 2016ರಲ್ಲಿ. ದರ ಗೊತ್ತಾದ ಮೇಲೆ ರೈತ ಒಪ್ಪಬಹುದು, ಒಪ್ಪದಿರಬಹುದು. ಒಪ್ಪಿದರೆ ತೂಕ, ತೂಕದ ಹಿಂದೆ ಪಟ್ಟಿ, ಪಟ್ಟಿಯ ಜೊತೆಗೆ ಹಣ. ತೂಕ ಸರಿ, ಹಣ ಅಂದೇ ಎಂಬ ಈ ಮಾತಿಗಾಗಿಯೇ ಇನ್ನೊಂದು ರಾಜ್ಯದ ರೈತ ಹತ್ತಿರದ ಪೇಟೆ ಬಿಟ್ಟು ಇಲ್ಲಿಗೆ ಬರುತ್ತಾನೆ.

ಮಾಲಿಗೂ ಒಂದು ಗೌರವ ಬಂತು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಈ ಕಾಯಿಯ ಬೇಡಿಕೆ ಅಡಿಗೆಮನೆಗೆ ಮಾತ್ರ ಸೀಮಿತವಲ್ಲ. ಅದರಿಂದ ಓಲಿಯೋರೆಸಿನ್ ತೆಗೆದು ಆಹಾರಕ್ಕೆ, ಸೌಂದರ್ಯ ಸಾಧನಗಳಿಗೆ ಸಹಜ ಬಣ್ಣವಾಗಿ ಬಳಸುತ್ತಾರೆ. ಹಾಗಾಗಿ ಇಲ್ಲಿ ದರ ನಿಲ್ಲುವುದು ಬಣ್ಣದ ಮೇಲೆ. ಬಣ್ಣ ಮಾಸದಂತೆ ಕಾಯಲು ಪಟ್ಟಣದ ಸುತ್ತ ಶೀತಲಗೃಹಗಳು ಎದ್ದಿವೆ. ಇನ್ನೊಂದು ಕಡೆ ನಮ್ಮ ಹಾವೇರಿ ಜಿಲ್ಲೆಯ ಹೊಲಗಳಲ್ಲಿಯೇ ಈ ಬೆಳೆ ತಗ್ಗಿದೆ. ಗೋವಿನಜೋಳ, ಬಿಟಿ ಹತ್ತಿ, ಈಚೆಗೆ ಅಡಕೆ ಆ ಜಾಗ ಹಿಡಿದಿವೆ. ಕುಪ್ಪೇಲೂರಿನ ಸುತ್ತ ಒಂದು ಕಾಲದಲ್ಲಿ ಕಣದ ತುಂಬ ಕೆಂಪು ಹಾಸುತ್ತಿದ್ದ ಮನೆಗಳು ಈಗ ಹಿತ್ತಲಲ್ಲಿ ನಾಲ್ಕು ಗಿಡ ಹಾಕಿ ಸುಮ್ಮನಾಗಿವೆ. ಹೆಸರು ಇಲ್ಲಿಯದು, ಮಾಲು ಬಹುಪಾಲು ಹೊರಗಿನದು ಎಂಬ ಸ್ಥಿತಿ ಬಂದಿದೆ. ತಳಿಯ ಬೀಜ ಉಳಿಸುವ ಕೆಲಸಕ್ಕೆ ಮಾರುಕಟ್ಟೆಯೂ ಕೈಹಾಕಬೇಕು ಎಂದು ನಾನು ನಂಬಿದ್ದೇನೆ. ಅದು ಬೇರೆಯೇ ಲೇಖನದ ವಿಷಯ.

ಈ ಪೇಟೆಯಲ್ಲಿ ಯಾವ ಫಲಕದ ಮೇಲೂ ಹೆಸರು ಕಾಣದವರಲ್ಲಿ ಮೊದಲಿಗರು ತುಂಬು, ಅಂದರೆ ಕಾಯಿಯ ತೊಟ್ಟು, ಬಿಡಿಸುವ ಹೆಣ್ಣುಮಕ್ಕಳು. ಸುತ್ತಲಿನ ಹಳ್ಳಿಗಳಿಂದ ಬೆಳಿಗ್ಗೆ ಬಸ್ಸು, ರೈಲು, ಟಂಟಂಗಳಲ್ಲಿ ಬರುತ್ತಾರೆ. ಮೂಗು ಬಾಯಿಗೆ ಬಟ್ಟೆ ಕಟ್ಟಿ ಕಾಯಿಯ ರಾಶಿಯ ಸುತ್ತ ಕೂತರೆ ಸಂಜೆಯವರೆಗೂ ಅದೇ ಕೆಲಸ. ಎಡಗೈಯಲ್ಲಿ ಕಾಯಿ, ಬಲಗೈಯ ಹೆಬ್ಬೆರಳ ಉಗುರಿನಿಂದ ತುಂಬು ಚಿವುಟಿ ಬೇರೆ, ಕಾಯಿ ಬೇರೆ. ಕಾಯಿ ಒಡೆಯಬಾರದು, ಬೀಜ ಚೆಲ್ಲಬಾರದು. ಒಡೆದರೆ ದರ್ಜೆ ಇಳಿಯುತ್ತದೆ. ಕೈ ನಿಲ್ಲದೆ ಕಣ್ಣು ಬಿಳಿಚು ಕಾಯಿಯನ್ನು ಆರಿಸಿ ಬದಿಗೆ ಸರಿಸುತ್ತಿರುತ್ತದೆ. ಕೂಲಿ ಕಿಲೋದ ಲೆಕ್ಕದಲ್ಲಿ. ಘಾಟಿಗೆ ಹೊಸಬರು ಹತ್ತು ನಿಮಿಷ ನಿಲ್ಲಲಾರರು. ಈ ಹೆಣ್ಣುಮಕ್ಕಳ ಬೆರಳ ತುದಿಗಳು ಉರಿದು ಉರಿದು ಗಟ್ಟಿಯಾಗಿರುತ್ತವೆ, ಮನೆಗೆ ಹೋಗಿ ಎಣ್ಣೆ ಸವರಿಕೊಂಡು ತೊಳೆದರೂ ಎಳೆಗೂಸನ್ನು ಮುಟ್ಟಲು ಹಿಂಜರಿಯುತ್ತಾರೆ. ಹೊರದೇಶಕ್ಕೆ ಹೋಗುವ ಕಾಯಿಯ ದರ್ಜೆ ತೀರ್ಮಾನವಾಗುವುದು ಈ ಉಗುರುಗಳಲ್ಲಿ. ಅವರ ಜೊತೆಗೆ ಹಮಾಲರು. ಚೀಲ ಬೆನ್ನಿಗೆ ಹತ್ತಿಸಿಕೊಂಡು ಇಕ್ಕಟ್ಟು ಸಂದುಗಳಲ್ಲಿ ಓಡುವವರು, ತೂಕದ ಕಟ್ಟೆಯ ಮೇಲೆ ಒಂದು ದಿನಕ್ಕೆ ಎಷ್ಟು ಟನ್ನು ಹೊತ್ತರೆಂದು ಯಾರೂ ಲೆಕ್ಕ ಇಡದವರು.

ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ಟಿನ ಮಾತು ಇಲ್ಲಿ ನೆನಪಾಗುತ್ತದೆ. ನಮ್ಮ ಪ್ರಾಂತದ ಅಂದಿನ ರಾಜಧಾನಿಯ ಪೇಟೆ, 1869ರಲ್ಲಿ ಮುಗಿದದ್ದು. ಹೆಸರು ಇಟ್ಟದ್ದು ನಗರದ ಮೊದಲ ಮುನಿಸಿಪಲ್ ಕಮಿಷನರ್ ಆರ್ಥರ್ ಕ್ರಾಫರ್ಡ್‌ರದು. ಮೈಸೂರಿನಲ್ಲಿ ಒಡೆಯರ ಹೆಸರಿನ ದೇವರಾಜ ಮಾರುಕಟ್ಟೆ, ಅದರೆದುರು ವೈಸರಾಯ್ ಡಫರಿನ್ 1886ರಲ್ಲಿ ಬಂದುಹೋದ ನೆನಪಿನ ಚಿಕ್ಕ ಗಡಿಯಾರ, ಬೆಂಗಳೂರಿನಲ್ಲಿ ಅಧಿಕಾರಿಯ ಹೆಸರಿನ ರಸೆಲ್ ಮಾರುಕಟ್ಟೆ. ಆ ಕಾಲದ ರೂಢಿಯೇ ಹಾಗಿತ್ತು. ಆದರೆ ಕ್ರಾಫರ್ಡ್ ಮಾರ್ಕೆಟ್ಟಿನ ಬಾಗಿಲ ಮೇಲಿನ ಕಲ್ಲಿನ ಉಬ್ಬುಶಿಲ್ಪದಲ್ಲಿ ಲಾಕ್‌ವುಡ್ ಕಿಪ್ಲಿಂಗ್ ಕೆತ್ತಿಸಿದ್ದು ಈ ನಾಡಿನ ಒಕ್ಕಲು ಮಕ್ಕಳನ್ನು. ಹೆಸರು ಅಧಿಕಾರಿಯದಾದರೂ ಬಾಗಿಲ ನೆತ್ತಿಯ ಮೇಲೆ ರೈತ ನಿಂತ. ಮುಂದೆ ಆ ಹೆಸರೂ ಹೋಗಿ ಮಹಾತ್ಮಾ ಜೋತಿಬಾ ಫುಲೆಯವರ ಹೆಸರು ಬಂತು. ಶಿಲ್ಪ ಬದಲಾಗಬೇಕಾಗಲಿಲ್ಲ.

2024ರ ಮಾರ್ಚ್ 11, ಸೋಮವಾರದ ಸಂಗತಿಯನ್ನು ಬಿಟ್ಟು ಬ್ಯಾಡಗಿ ಮಾರುಕಟ್ಟೆಯ ಚರಿತ್ರೆ ಬರೆಯಲಾಗದು. ಸ್ಮರಣ ಸಂಚಿಕೆಗಳು ಕಹಿಯನ್ನು ದಾಟಿಹೋಗುವುದೇ ಹೆಚ್ಚು, ಇದನ್ನು ದಾಟಬಾರದು. ಅಂದು ಲಕ್ಷಗಟ್ಟಲೆ ಚೀಲ ಪೇಟೆಗೆ ಬಂದಿತ್ತು. ದರ ಒಮ್ಮೆಲೇ ಕುಸಿಯಿತು. ದೂರದಿಂದ ಬಾಡಿಗೆ ಕೊಟ್ಟು ಮಾಲು ತಂದ ರೈತರ ಸಿಟ್ಟು ಕಟ್ಟೆಯೊಡೆದು ಎಪಿಎಂಸಿ ಕಚೇರಿಗೆ ಬೆಂಕಿ ಬಿತ್ತು, ವಾಹನಗಳು ಸುಟ್ಟವು, ನಂದಿಸಲು ಬಂದ ಅಗ್ನಿಶಾಮಕ ವಾಹನವೂ ಉಳಿಯಲಿಲ್ಲ. ಬೆಂಕಿ ಹಚ್ಚಿದ್ದನ್ನು ಯಾರೂ ಸಮರ್ಥಿಸಲಾರರು. ಆದರೂ ಕೇಳಬೇಕಾದ ಪ್ರಶ್ನೆ ಉಳಿಯುತ್ತದೆ. ತೂಕ ಸರಿಯಿದ್ದ, ದರ ಪರದೆಯ ಮೇಲೆ ಕಾಣುತ್ತಿದ್ದ, ಹಣ ಅಂದೇ ಸಿಗುತ್ತಿದ್ದ ಪೇಟೆಯಲ್ಲಿ ಇಷ್ಟು ಅಪನಂಬಿಕೆ ಹೇಗೆ ತುಂಬಿಕೊಂಡಿತು? ದರ ಎಷ್ಟು ಎಂಬುದು ಪರದೆಯಲ್ಲಿ ಕಂಡಿತು. ಯಾಕೆ ಅಷ್ಟು ಎಂಬುದು ಯಾರಿಗೂ ತಿಳಿಯಲಿಲ್ಲ. ಶೀತಲಗೃಹಗಳಲ್ಲಿ ಹಿಂದಿನ ವರ್ಷದ ದಾಸ್ತಾನು ಎಷ್ಟಿದೆ, ಖರೀದಿದಾರರಲ್ಲಿ ಎಷ್ಟು ಜನ ಅಂದು ದರ ಹಾಕಿದರು, ಅಷ್ಟೊಂದು ಮಾಲು ಒಂದೇ ದಿನ ಬರುತ್ತದೆಂದು ರೈತನಿಗೆ ಮುಂಚೆ ಹೇಳಿದವರು ಯಾರು? ಟವೆಲ್ಲಿನ ಬಟ್ಟೆ ಹೋದ ಮೇಲೂ ಮರೆ ಪೂರ್ತಿ ಹೋಗಿಲ್ಲ ಎಂದು ಆ ದಿನ ತೋರಿಸಿತು.

ಆದ್ದರಿಂದ ಮಾರುಕಟ್ಟೆಯ ಗೋಡೆಗೆ ಒಂದು ಸ್ಮರಣ ಫಲಕ ಹಾಕುವುದಾದರೆ ಅದರಲ್ಲಿ ಹೀಗೆ ಬರೆಯಬೇಕೆಂದು ನನ್ನ ಸಲಹೆ:

ಈ ಪೇಟೆ ಮೆಣಸಿನಕಾಯಿ ಬೆಳೆದವರದು, ಹೊತ್ತವರದು, ತುಂಬು ಬಿಡಿಸಿದವರದು, ತೂಗಿದವರದು, ಕೊಂಡವರದು. ಇಲ್ಲಿ ಮಾಲನ್ನು ಎಲ್ಲರೆದುರು ತೂಗತಕ್ಕದ್ದು. ದರವನ್ನು ಎಲ್ಲರಿಗೂ ಕಾಣುವಂತೆ ಹೇಳತಕ್ಕದ್ದು. ಹೇಳಿದ ದರ ಒಪ್ಪದಿದ್ದರೆ ಮಾಲು ಮರಳಿ ಒಯ್ಯುವ ಹಕ್ಕು ರೈತನಿಗೆ ಇದೆ. ದಲಾಲಿ ಕೊಳ್ಳುವವನದು. ಪಟ್ಟಿಯಲ್ಲಿ ಬರೆಯದ ಯಾವ ಕಡಿತವೂ ಇಲ್ಲ. ಬಂದ ಚೀಲವೆಷ್ಟು, ದಾಸ್ತಾನಿನಲ್ಲಿ ಇರುವ ಚೀಲವೆಷ್ಟು ಎಂಬುದನ್ನು ಪೇಟೆಯ ದಿನ ಬೆಳಿಗ್ಗೆ ಹಲಗೆಯ ಮೇಲೆ ಬರೆಯತಕ್ಕದ್ದು. ತುಂಬು ಬಿಡಿಸುವವರ ಮತ್ತು ಹಮಾಲರ ಕೂಲಿಯ ದರವನ್ನು ಇದೇ ಹಲಗೆಯ ಮೇಲೆ ಬರೆಯತಕ್ಕದ್ದು. 2024ರ ಮಾರ್ಚ್ 11ರಂದು ಇಲ್ಲಿ ಬೆಂಕಿ ಬಿತ್ತು. ನಂಬಿಕೆ ತಪ್ಪದಂತೆ ಈ ಪೇಟೆಯನ್ನು ನಡೆಸತಕ್ಕದ್ದು.

ಇದರಲ್ಲಿ ಹೆಚ್ಚಿನವು ಕಾನೂನಿನಲ್ಲಿ ಈಗಾಗಲೇ ಇರುವ ಮಾತುಗಳು. ದಾಸ್ತಾನಿನ ಮತ್ತು ಕೂಲಿಯ ಹಲಗೆ ಮಾತ್ರ ನನ್ನ ಬೇಡಿಕೆ. ಕಾನೂನು ಕಚೇರಿಯ ಕಪಾಟಿನಲ್ಲಿ ಇರುತ್ತದೆ, ಅದನ್ನು ಕೇಳಿ ಓದುವ ರೈತ ಸಾವಿರಕ್ಕೊಬ್ಬ. ಗೋಡೆಯ ಮೇಲಿದ್ದರೆ ಲಾಟು ಇಳಿಸಿ ದರಕ್ಕೆ ಕಾಯುವ ಬೇಸರದ ಹೊತ್ತಿನಲ್ಲಿ ಎಲ್ಲರೂ ಓದುತ್ತಾರೆ, ಓದಿ ಕೇಳುತ್ತಾರೆ.

ಫಲಕ ಎಲ್ಲಿರಬೇಕು ಎಂಬುದೂ ಮುಖ್ಯ. ಕಚೇರಿಯ ಗೋಡೆಗೆ ಹಾಕಿದರೆ ಕಚೇರಿಗೆ ಬಂದವರು ಓದುತ್ತಾರೆ. ತೂಕದ ಕಟ್ಟೆಯ ಪಕ್ಕದ ಗೋಡೆ ಅದಕ್ಕೆ ತಕ್ಕ ಜಾಗ. ನಿಂತವರಿಗಷ್ಟೇ ಅಲ್ಲ, ಚೀಲದ ಮೇಲೆ ಕೂತವರ ಕಣ್ಣಿಗೂ ನಿಲುಕುವ ಎತ್ತರದಲ್ಲಿರಬೇಕು. ಕನ್ನಡದ ಜೊತೆಗೆ ತೆಲುಗಿನಲ್ಲೂ ಬರೆಯಬೇಕು. ಅರ್ಧ ಪೇಟೆ ಆ ಭಾಷೆಯದು. ಬಂಗಾರದ ಬಣ್ಣ ಬೇಡ, ಅದು ಐದಾರು ಮಳೆಗಾಲಕ್ಕೆ ಉದುರಿ ಅಕ್ಷರ ಕುರುಡಾಗುತ್ತದೆ. ಚೌಡದಾನಪುರದ ಶಾಸನ ಕೊರೆದವರು ಅಕ್ಷರವನ್ನು ಆಳವಾಗಿ ಕಡೆದರು, ಬಣ್ಣವನ್ನು ನೆಚ್ಚಲಿಲ್ಲ. ಎಂಟುನೂರು ವರ್ಷದ ಮೇಲೂ ಬೆರಳಾಡಿಸಿ ಓದಬಹುದು. ಆ ರೀತಿಯಲ್ಲಿ ಕೆತ್ತಬಲ್ಲ ಕಲ್ಲುಕುಟಿಗರು ಈ ಭಾಗದಲ್ಲಿ ಇನ್ನೂ ಇದ್ದಾರೆ. ಉದ್ಘಾಟನೆ ಮಾಡಿದವರ ಹೆಸರು ಬೇಕೆಂದರೆ ಕಲ್ಲಿನ ಬದಿಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಇರಲಿ, ಬೇಡವೆನ್ನುವುದಿಲ್ಲ. ಕಲ್ಲಿನ ಕೆಳಗಿನ ಮೂರನೆಯ ಒಂದು ಪಾಲನ್ನು ಬರೆಯದೆ ಬಿಡಬೇಕು. 1939ರ ನಿಯಮ 1966ರಲ್ಲಿ ಬದಲಾಯಿತು, ಚೀಟಿಯ ಟೆಂಡರು ಕಂಪ್ಯೂಟರಿಗೆ ಬಂತು, ಮುಂದೆಯೂ ಬದಲಾಗುತ್ತದೆ. ಬದಲಾದಾಗಲೆಲ್ಲ ಹೊಸ ನಿಯಮವನ್ನು ತಾರೀಖಿನ ಸಮೇತ ಅಲ್ಲಿಯೇ ಕೆತ್ತಲಿ, ಹಳೆಯದನ್ನು ಅಳಿಸದಿರಲಿ.